ಕಲಾಯಿ ಹೋದ ಜಗ್ಗು

ಹಣ್ಣಿನ ರಸದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವವಳನ್ನು ಎಲ್ಲರೂ ಬಾಟ್ಲಿ ಎಂದೇ ಕರೆಯುತ್ತಿದ್ದರು. ಅವಳು ಬೇಡ ಎಂದವಳಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವಳು, ಮಾತು ಕಡಿಮೆ, ಯಾರಾದರೂ ನೇರವಾಗಿ ನೋಡಿದರೆ ಕತ್ತು ತಾನಾಗಿಯೇ ತಗ್ಗುತ್ತಿತ್ತು. ಆದರೆ ಕತ್ತು ತಗ್ಗಿಸಿದವಳಿಗೂ ಬಹಳ ಕಾಣುತ್ತದೆ. ಯಾವ ಲೋಟದ ತಳದಲ್ಲಿ ಕೂದಲೆಳೆಯ ಬಿರುಕಿದೆ, ಯಾರ ಬಿಳಿ ಕೋಟಿನ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಇದೆ, ಎಲ್ಲ ಅವಳಿಗೆ ಗೊತ್ತಿತ್ತು.

ಅವಳಿಗೆ ಆ ಕೆಲಸ ಕೊಡಿಸಿದ್ದು ಅಕ್ಕ. ಅಕ್ಕ ಅದೇ ಕೋಣೆಯ ಮೂರನೇ ಮೇಜಿನಲ್ಲಿ ರಸದಲ್ಲಿ ಎಷ್ಟು ಸಿ ವಿಟಮಿನ್ ಇದೆ ಎಂದು ಅಳೆಯುತ್ತಿದ್ದಳು. ಊಟದ ಬಿಡುವಿನಲ್ಲಿ ತಂಗಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ತೋರಿಸುತ್ತಿದ್ದಳು.

"ನೋಡೇ, ನೀಲಿ ಹನಿ ರಸಕ್ಕೆ ಬಿದ್ದ ತಕ್ಷಣ ಮಾಯ. ಅದನ್ನ ನುಂಗ್ತಿರೋದೇ ವಿಟಮಿನ್. ಅದು ಮುಗೀತು ಅಂದ್ರೆ ಮುಂದಿನ ಹನಿ ಗುಲಾಬಿಯಾಗಿ ಹಾಗೇ ನಿಲ್ಲುತ್ತೆ. ಅಲ್ಲಿಗೆ ಅಳತೆ ಕೊಳವೆಯ ನಲ್ಲಿ ಮುಚ್ಚು. ಎಷ್ಟು ನೀಲಿ ಖರ್ಚಾಯ್ತೋ ಅಷ್ಟು ವಿಟಮಿನ್."

ಒಳ್ಳೆಯ ಕಿತ್ತಳೆ ರಸ ಹದಿನೆಂಟು ಮಿಲಿಲೀಟರ್ ನೀಲಿ ನುಂಗುತ್ತಿತ್ತು. ಐದು ತಿಂಗಳ ಹಿಂದೆ, ಕಾರ್ಖಾನೆಯ ಯಜಮಾನರೇ ಬಂದು ನಿಂತಿದ್ದ ದಿನ, ಅಕ್ಕನ ಕೈಯಲ್ಲಿ ಅದು ಹನ್ನೊಂದಕ್ಕೇ ಗುಲಾಬಿಯಾಯಿತು. ಅಕ್ಕ ಹನ್ನೊಂದು ಎಂದೇ ಬರೆದಳು. ಪ್ರಯೋಗಾಲಯದ ಮುಖ್ಯಸ್ಥ ದೊಡ್ಡ ಕೆಮಿಸ್ಟು ನಕ್ಕು, ಮುಚ್ಚಿದ ಬಾಟಲಿಯೊಂದನ್ನು ಒಡೆದು, ತಾನೇ ಅಳೆದು ಹದಿನೆಂಟು ತೋರಿಸಿದ. ಆಮೇಲೆ ಅಕ್ಕನ ಪುಸ್ತಕ ಎಳೆದುಕೊಂಡು ಹನ್ನೊಂದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದ: 'ಈಕೆಯ ಕೈ ನಂಬಲು ಯೋಗ್ಯವಲ್ಲ.'

ಅಕ್ಕನ ಕೆಲಸ ಹೋಯಿತು. ಆಮೇಲೆ ಆ ಒಂದು ಸಾಲು ಅಕ್ಕನಿಗಿಂತ ಮೊದಲೇ ಎಲ್ಲ ಕಡೆಗೂ ಹೋಗಿ ಕೂತಿರುತ್ತಿತ್ತು. ಯಾವ ಪ್ರಯೋಗಾಲಯಕ್ಕೆ ಅರ್ಜಿ ಹಾಕಿದರೂ ಅವರು ಇಲ್ಲಿಗೆ ಫೋನು ಮಾಡಿ ಕೇಳುತ್ತಿದ್ದರು. ಈಗ ಅಕ್ಕ ಮನೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿದರೆ ಸೂಜಿ ನಿಲ್ಲಿಸಿ ಹನಿ ಎಣಿಸುತ್ತಾಳೆ.

"ನನ್ನ ಕೈಯೇ ಕೆಟ್ಟಿದೆಯೇನೋ ಕಣೇ," ಎಂದಳು ಒಂದು ದಿನ.

ಬಾಟ್ಲಿಯ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಅಂದು. ಕೆಲಸ ಹೋದಾಗಲೂ ಅಷ್ಟು ಸುಟ್ಟಿರಲಿಲ್ಲ.

ಯಾಕೆಂದರೆ ಅವಳಿಗೆ ಜಗ್ಗಿನ ವಿಷಯ ಗೊತ್ತಿತ್ತು. ದೊಡ್ಡ ಕೆಮಿಸ್ಟಿಗೆ ಯಾವುದೋ ಸಮಾರಂಭದಲ್ಲಿ ಬಹುಮಾನವಾಗಿ ಬಂದ ತಾಮ್ರದ ಜಗ್ಗು. ಹೊಟ್ಟೆಯ ಮೇಲೆ ಅವನ ಹೆಸರು ಕೆತ್ತಿತ್ತು. ದೊಡ್ಡವರು ಯಾರಾದರೂ ಬಂದರೆ ರಸವನ್ನು ಅದರಲ್ಲೇ ತರಿಸುತ್ತಿದ್ದ. ಒಳಗೆ ತವರದ ಕಲಾಯಿ ಇದೆ, ತಾಮ್ರ ತಾಗುವುದಿಲ್ಲ ಎಂಬುದು ಅವನ ಲೆಕ್ಕ. ಕಲಾಯಿ ಇತ್ತು ನಿಜ, ಮೂರು ವರ್ಷದ ಹಿಂದೆ. ಅದು ಸವೆದು ತಳದಲ್ಲಿ ಅಂಗೈಯಗಲದ ಕೆಂಪು ತಾಮ್ರ ಕಂಡದ್ದು ತೊಳೆಯುವವಳಿಗೆ ಮಾತ್ರ. ಅಕ್ಕನ ಪರೀಕ್ಷೆಗೂ ಮೊದಲೇ ಅವಳು ಅವನಿಗೆ ಹೇಳಿಯೂ ಇದ್ದಳು, ಅದೂ ಎರಡು ದಿನ ಧೈರ್ಯ ಕೂಡಿಸಿಕೊಂಡು.

"ತೊಳೆಯೋದು ನಿನ್ನ ಕೆಲಸ. ಯೋಚನೆ ಮಾಡೋದು ನಂಗೆ ಬಿಡಮ್ಮ," ಎಂದಿದ್ದ ಅವನು.

ಅಕ್ಕನ ಪರೀಕ್ಷೆಯ ದಿನ ರಸ ಮುಕ್ಕಾಲು ಗಂಟೆ ಆ ಜಗ್ಗಿನಲ್ಲೇ ಇತ್ತು. ದೊಡ್ಡ ಕೆಮಿಸ್ಟು ಮಾತಾಡುತ್ತಿದ್ದ. ಮಾತಿಗೆ ಕೂತರೆ ಅವನಿಗೆ ಹೊತ್ತುಗೊತ್ತು ಇರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಿದ್ದರು.

ತೊಳೆಯುವವಳ ಮಾತನ್ನು ಯಾರು ನಂಬುತ್ತಾರೆ? ಬಾಟ್ಲಿ ಕಾದಳು. ಐದು ತಿಂಗಳು ಕಿಮಕ್ಕೆನ್ನದೆ ಕಾದಳು. ರಸ ಕೊಳ್ಳುವ ದೊಡ್ಡ ಕಂಪನಿಯಿಂದ ಪರೀಕ್ಷಕಿಯೊಬ್ಬರು ಬರಲಿದ್ದ ದಿನ, ಬೇಗ ಬಂದು ಅರ್ಧ ನಿಂಬೆಹಣ್ಣಿಗೆ ಉಪ್ಪು ಅದ್ದಿ ಜಗ್ಗಿನ ಒಳಗನ್ನು ಉಜ್ಜಿದಳು. ಅಲ್ಲಿ ಇಲ್ಲಿ ಅಂಟಿಕೊಂಡಿದ್ದ ಕಲಾಯಿಯ ಚೂರೂ ಹೋಯಿತು. ಹೊರಗೂ ಉಜ್ಜಿದಳು. ಹೆಸರು ಫಳಫಳ ಹೊಳೆಯಿತು.

"ಪರವಾಗಿಲ್ವೇ ಬಾಟ್ಲಿ, ಇವತ್ತು ಕೈ ನೋವಾಗೋ ಹಾಗೆ ದುಡಿದಿದ್ದೀಯ," ಎಂದ ದೊಡ್ಡ ಕೆಮಿಸ್ಟು ತನ್ನ ಹೆಸರನ್ನು ನೋಡಿಕೊಂಡು.

ಪರೀಕ್ಷಕಿ ಬಂದರು. ನರೆತ ಕೂದಲು, ಮೂಗಿನ ತುದಿಗೆ ಕನ್ನಡಕ, ನೋಡುವುದೆಲ್ಲ ಮಾತಿಲ್ಲದೆ. ಯಜಮಾನರು ಬಾಗಿಲಲ್ಲಿ ನಿಂತರು. ಜಗ್ಗಿನ ತುಂಬ ರಸ ಬಂದು ಕಿಟಕಿಯ ಬಿಸಿಲಿಗೆ ಕೂತಿತು. ಇನ್ನೇನು ಅಳೆಯಬೇಕು ಅನ್ನುವಾಗ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರದಿಂದ ಸಣ್ಣ ದನಿಯೊಂದು ಬಂತು.

"ಸರ್, ಈ ವಿಟಮಿನ್ ಮೈಯೊಳಗೆ ಹೋಗಿ ಏನ್ ಮಾಡುತ್ತೆ?"

ಕೋಣೆಯೆಲ್ಲ ತಿರುಗಿ ನೋಡಿತು. ಬಾಟ್ಲಿಗೆ ನಾಲಿಗೆ ಇದೆ ಎಂಬುದೇ ಹಲವರಿಗೆ ಸುದ್ದಿ.

"ನೋಡಿ ಮೇಡಂ, ನಮ್ಮಲ್ಲಿ ಪಾತ್ರೆ ತೊಳೆಯೋರಿಗೂ ವಿಜ್ಞಾನ ಬೇಕು," ಎಂದು ದೊಡ್ಡ ಕೆಮಿಸ್ಟು ಎದೆಯುಬ್ಬಿಸಿ ಶುರುಮಾಡಿದ. ಸಿ ವಿಟಮಿನ್ ಎಂದರೆ ದಾನ ಮಾಡುವ ಅಣು. ತನ್ನಲ್ಲಿರುವ ಎರಡು ಹೈಡ್ರೋಜನ್‌ಗಳನ್ನು ಕೊಟ್ಟು, ಮೈಯಲ್ಲಿ ಹಾಳಾಗಬೇಕಿದ್ದುದನ್ನು ಉಳಿಸುತ್ತದೆ. ಕೊಟ್ಟ ಮೇಲೆ ಅದು ಬೇರೆ ರೂಪ ತಾಳುತ್ತದೆ. ಆ ರೂಪಕ್ಕೆ ನೀಲಿ ಬಣ್ಣ ನುಂಗುವ ಶಕ್ತಿ ಇಲ್ಲ. ಆದರೆ ಸತ್ತಿಲ್ಲ; ನಮ್ಮ ಜೀವಕೋಶಗಳು ಅದಕ್ಕೆ ಹೈಡ್ರೋಜನ್ ವಾಪಸು ಕೊಟ್ಟು ಮತ್ತೆ ಮೊದಲಿನ ಹಾಗೆ ಮಾಡುತ್ತವೆ. ಹಾಗೇ ಬಹಳ ಹೊತ್ತು ಬಿಟ್ಟರೆ ಮಾತ್ರ ಅದರ ಉಂಗುರ ಒಡೆದು ಹೋಗುತ್ತದೆ. ಆಮೇಲೆ ತಿಪ್ಪರಲಾಗ ಹಾಕಿದರೂ ಮರಳಿ ಬರುವುದಿಲ್ಲ.

"ಅದನ್ನ ಹಾಳು ಮಾಡೋದು ಯಾವುದು ಸರ್?" ಬಾಟ್ಲಿ ಮತ್ತೆ ಕೇಳಿದಳು.

"ಗಾಳಿ, ಬಿಸಿಲು, ಎಲ್ಲಕ್ಕಿಂತ ಹೆಚ್ಚಾಗಿ ತಾಮ್ರ. ಚೂರು ತಾಮ್ರ ತಾಗಿದ್ರೂ ಸಾಕು, ಕೆಲಸ ಕೆಡುತ್ತೆ," ಎಂದ ಅವನು, ಜಗ್ಗಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು, ಸೌಟಿನಿಂದ ರಸ ಕಲಕುತ್ತಾ.

ಪರೀಕ್ಷಕಿಯ ಕಣ್ಣು ಜಗ್ಗಿನ ಮೇಲೆ ಹೋಯಿತು. ಆಮೇಲೆ ತೊಟ್ಟಿಯ ಕಡೆಗೆ ಬಂತು.

ಗೋಡೆ ಗಡಿಯಾರದಲ್ಲಿ ಐವತ್ತು ನಿಮಿಷ ಸರಿದ ಮೇಲೆ ದೊಡ್ಡ ಕೆಮಿಸ್ಟು ನೀಲಿ ಬಿಡತೊಡಗಿದ. ಎಂಟು, ಒಂಬತ್ತು, ಹತ್ತು. ಹನ್ನೊಂದಕ್ಕೆ ಗುಲಾಬಿ ನಿಂತಿತು. ಅವನು ಲೋಟ ಅಲ್ಲಾಡಿಸಿದ. ಗುಲಾಬಿ ಅಲ್ಲಾಡಿತೇ ಹೊರತು ಹೋಗಲಿಲ್ಲ.

"ಗಾಜು ಸರಿಯಾಗಿ ತೊಳೆದಿಲ್ಲ," ಎಂದ. "ಏನ್ ತೊಳೆದೆ ನೀನು?"

ಪರೀಕ್ಷಕಿ ಅವನನ್ನು ಪಕ್ಕಕ್ಕೆ ಸರಿಸಿ, ತಾವು ತಂದಿದ್ದ ಗಾಜಿನಲ್ಲಿ ಅಳೆದರು. ಜಗ್ಗಿನ ರಸ ಹನ್ನೊಂದು. ಮುಚ್ಚಿದ ಬಾಟಲಿಯ ರಸ ಹದಿನೆಂಟು.

"ಗಂಧಕದ ಅನಿಲ ಮಾಡೋ ಯಂತ್ರ ಇದೆಯಾ ಇಲ್ಲಿ?" ಎಂದು ಕೇಳಿದರು.

"ಅದೆಲ್ಲ ಹಳೇದು ಮೇಡಂ, ಎಲ್ಲೋ ಮೂಲೇಲಿ ಧೂಳು ತಿಂತಿರುತ್ತೆ," ಎಂದ ದೊಡ್ಡ ಕೆಮಿಸ್ಟು.

ಮೂರು ಬುರುಡೆಗಳ ಆ ಗಾಜಿನ ಯಂತ್ರವನ್ನು ಬಾಟ್ಲಿ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿ ತಂದಳು. ಯಾರೂ ಬಳಸದಿದ್ದರೂ ಪ್ರತಿ ಶನಿವಾರ ತೊಳೆದಿಟ್ಟಿದ್ದಳು. ಒಂದು ಚುಕ್ಕೆ ಧೂಳಿರಲಿಲ್ಲ.

ಕೊಳೆತ ಮೊಟ್ಟೆಯ ವಾಸನೆ ಕೋಣೆ ತುಂಬಿತು. ಯಜಮಾನರು ಮೂಗು ಮುಚ್ಚಿಕೊಂಡರೂ ಜಾಗ ಬಿಡಲಿಲ್ಲ. ಅನಿಲ ಗುಳುಗುಳು ಎಂದು ಹಾದಂತೆ ಜಗ್ಗಿನ ರಸ ಕಂದಿತು, ತಳದಲ್ಲಿ ಕಾಡಿಗೆಯಂಥ ಕಪ್ಪು ಕೂತಿತು. ಬಾಟಲಿಯ ರಸ ಮಾತ್ರ ಇದ್ದ ಹಾಗೇ ಇತ್ತು.

"ಆ ಕಪ್ಪು ತಾಮ್ರ," ಎಂದರು ಪರೀಕ್ಷಕಿ. ರಸ ಸೋಸಿ, ಇನ್ನೊಂದು ಅನಿಲ ಹಾಯಿಸಿ ವಾಸನೆಯನ್ನು ಪೂರ್ತಿ ಓಡಿಸಿ, ಮತ್ತೆ ಅಳೆದರು. ಹದಿನೇಳು. "ವಿಟಮಿನ್ ಎಲ್ಲೂ ಹೋಗಿರಲಿಲ್ಲ, ರೂಪ ಬದಲಾಗಿತ್ತು. ಈ ವಾಸನೆಯ ಅನಿಲದಿಂದ ಹೈಡ್ರೋಜನ್ ಕೊಟ್ಟೆ, ವಾಪಸು ಬಂತು. ಸ್ವಲ್ಪ ಮಾತ್ರ ಕೈಬಿಟ್ಟು ಹೋಗಿದೆ. ನಿಮ್ಮ ರಸ ಚೆನ್ನಾಗಿದೆ ಯಜಮಾನರೇ. ಅದನ್ನ ಈ ಜಗ್ಗಿಗೆ ಸುರಿದವರದ್ದೇ ತೊಂದರೆ."

ದೊಡ್ಡ ಕೆಮಿಸ್ಟು ಜಗ್ಗಿನೊಳಗೆ ಇಣುಕಿದ. ಮುಖ ಹುಳ್ಳಗಾಯಿತು. "ಇವಳು ಉಜ್ಜಿದ್ದಾಳೆ. ಬೇಕು ಅಂತಲೇ ಕಲಾಯಿ ತೆಗೆದಿದ್ದಾಳೆ."

"ಹೌದು, ಉಜ್ಜಿದೆ," ಎಂದಳು ಬಾಟ್ಲಿ. ಈ ಸಲ ಕತ್ತು ತಗ್ಗಲಿಲ್ಲ. "ಐದು ತಿಂಗಳ ಹಿಂದೆ ಉಜ್ಜಿರಲಿಲ್ಲ. ಕಲಾಯಿ ಹೋಗಿದೆ ಅಂತ ಬಂದು ಹೇಳಿದ್ದೆ. ಅವತ್ತು ಅಕ್ಕನ ಕೈಗೂ ಹನ್ನೊಂದೇ ಬಂತು. ಇವತ್ತು ನಿಮ್ಮ ಕೈಗೂ ಹನ್ನೊಂದೇ ಬಂತಲ್ಲ ಸರ್."

ಯಜಮಾನರು ಕಪಾಟಿನಿಂದ ಅಕ್ಕನ ಪುಸ್ತಕ ತೆಗೆದರು. ಕೆಂಪು ಸಾಲು ಇದ್ದ ಪುಟ ಹುಡುಕಿ ಅವನ ಮುಂದಿಟ್ಟರು. "ಹೊಡೆದು ಹಾಕಿ, ಸರಿಯಾಗಿ ಬರೀರಿ," ಎಂದರು. "ನೀನು ನಿಮ್ಮಕ್ಕನ್ನ ಕರೆದುಕೊಂಡು ಬಾಮ್ಮ."

"ಅಕ್ಕ ಬರಲಿ, ಆಮೇಲೆ ಬರೀಲಿ," ಎಂದಳು ಬಾಟ್ಲಿ.

ಅಕ್ಕ ಬಂದಾಗ ಬೆರಳಿನಲ್ಲಿ ಇನ್ನೂ ಸೂಜಿ ಚುಚ್ಚದ ಹಾಗೆ ತೊಡುವ ಅಂಗುಸ್ತಾನ ಇತ್ತು. ತೆಗೆಯುವುದನ್ನೂ ಮರೆತು ಓಡಿಬಂದಿದ್ದಳು. ಮೂರನೇ ಮೇಜಿನ ಹತ್ತಿರ ಹೋಗಿ ನಿಂತಳು. ದೊಡ್ಡ ಕೆಮಿಸ್ಟು ಕೆಂಪು ಸಾಲಿನ ಮೇಲೆ ಗೆರೆ ಎಳೆದು, ಅದೇ ಕೆಂಪು ಪೆನ್ನಿನಲ್ಲಿ ಬರೆದು, ಪುಸ್ತಕ ಮುಚ್ಚಲು ಹೋದ.

"ಓದಿ ಹೇಳಿ ಸರ್," ಎಂದಳು ಬಾಟ್ಲಿ. "ನಂಗೆ ಅಷ್ಟು ಓದೋಕೆ ಬರಲ್ಲ."

ಅದು ಸುಳ್ಳು. ಅವಳಿಗೆ ಚೆನ್ನಾಗಿ ಓದಲು ಬರುತ್ತಿತ್ತು.

"ಈಕೆಯ ಅಳತೆ ಸರಿ," ಎಂದು ಗೊಣಗಿದ ಅವನು. "ಪಾತ್ರೆ ನನ್ನದು, ತಪ್ಪೂ ನನ್ನದು."

ಐವತ್ತು ನಿಮಿಷ ನಿಲ್ಲಿಸದೆ ಮಾತಾಡಿದ್ದ ಬಾಯಿ ಅಷ್ಟಕ್ಕೇ ಒಣಗಿತು. ಬಾಟ್ಲಿ ತೊಟ್ಟಿಯ ನಲ್ಲಿಯನ್ನು ಭದ್ರವಾಗಿ ತಿರುಗಿಸಿದಳು. ಒಂದು ಹನಿಯೂ ತೊಟ್ಟಿಕ್ಕದ ಹಾಗೆ.

"ಅಕ್ಕಂಗೆ ಕೇಳಿಸಲಿಲ್ಲ ಸರ್. ಇನ್ನೊಂದು ಸಲ."