ಹೇಳದೆ ನುಂಗಿದ ಕೂದಲ ಮಾತ್ರೆ

ಲಗ್ಗೆರೆಯ ಆ ಬೀದಿಯಲ್ಲಿ ಮನೆಗಳು ಎಷ್ಟು ಒತ್ತೊತ್ತಾಗಿವೆಯೆಂದರೆ, ಪಕ್ಕದವರು ಒಗ್ಗರಣೆ ಹಾಕಿದರೆ ಈ ಮನೆಯವರಿಗೆ ಸೀನು ಬರುತ್ತದೆ. ಆದರೂ ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ಚೇತನಾ ಸೀನಿದರೆ "ಯಾಕಮ್ಮಾ, ನೆಗಡೀನಾ?" ಎನ್ನುವವರಿರಲಿಲ್ಲ. ಅವಳು ಪೀಣ್ಯದ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಅಲ್ಲಿ ತಲೆಗೆ ಬಲೆಯ ಟೋಪಿ, ಬಾಯಿಗೆ ಮಾಸ್ಕು. ಮಾತಿಗೆ ಜಾಗವಿಲ್ಲ.

ವಾರಕ್ಕೊಂದು ಸಿಹಿಮಾತು ಮಾತ್ರ ಅವಳ ಪಾಲಿಗಿತ್ತು. ಶುಕ್ರವಾರ ಸಂಜೆ ಮನೆ ಓನರ್ ಪಟಾಲಮ್ಮ ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿ ಕನಕಾಂಬರ ಮುಡಿಸುತ್ತಿದ್ದರು. "ಏನು ಜಡೆನೇ ನಿಂದು! ಈ ಕಾಲದಲ್ಲಿ ಯಾರಿಗಿದೆ ಹೇಳು?"

ಆ ಜಡೆಯಲ್ಲಿ ಮುಕ್ಕಾಲು ಪಾಲು ಅಂಗಡಿಯಿಂದ ತಂದು ಸೇರಿಸಿ ಹೆಣೆದ ಚೌರಿ. ಥೈರಾಯ್ಡ್ ತೊಂದರೆಯಿಂದ ಚೇತನಾಳ ಕೂದಲು ಉದುರಿ ಹಿಡಿಯಷ್ಟಾಗಿತ್ತು. ಡಾಕ್ಟರು ಬರೆದ ಥೈರಾಯ್ಡ್ ಮಾತ್ರೆಯ ಜೊತೆಗೆ, ಫೋನಿನಲ್ಲಿ ಜಾಹೀರಾತು ನೋಡಿ ತರಿಸಿದ ಕೂದಲ ಮಾತ್ರೆಯನ್ನೂ ಅವಳು ದಿನಾ ನುಂಗುತ್ತಿದ್ದಳು. ಡಬ್ಬಿಯ ಮೇಲೆ ‘ಬಯೋಟಿನ್’ ಎಂದಿತ್ತು. ಅದನ್ನು ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟಿದ್ದಳು. ನೋಡಲು ಯಾರೂ ಬಾರದ ಮನೆಯಲ್ಲಿ ಯಾರಿಂದ ಬಚ್ಚಿಟ್ಟಳೋ, ಅವಳಿಗೇ ಗೊತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ರಕ್ತಪರೀಕ್ಷೆಯಾಯಿತು. ಮೈಯಲ್ಲಿ ಥೈರಾಯ್ಡ್ ಕಡಿಮೆಯಾದರೆ ಏರುವ, ಹೆಚ್ಚಾದರೆ ಇಳಿಯುವ ಟಿಎಸ್‌ಎಚ್ ತೀರಾ ಕಡಿಮೆ ಬಂದಿತ್ತು. "ಮಾತ್ರೆ ಜಾಸ್ತಿಯಾಗಿದೆ" ಎಂದು ಡಾಕ್ಟರು ಥೈರಾಯ್ಡ್ ಮಾತ್ರೆಯನ್ನು ಅರ್ಧಕ್ಕಿಳಿಸಿದರು.

ಅಲ್ಲಿಂದ ಅವಳ ಮುಖ ಊದಿತು, ದನಿ ಗೊಗ್ಗರಾಯಿತು. ಎರಡು ತಿಂಗಳೊಳಗೆ, ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಮೆಟ್ಟಿಲಲ್ಲೇ ಕುಸಿದು ಕುಳಿತಳು.

"ಅಯ್ಯೋ! ಇಷ್ಟು ಆಗೋವರೆಗೂ ಬಾಯಿ ಬಿಡ್ಲಿಲ್ವಲ್ಲೇ!" ಪಟಾಲಮ್ಮ ಅವಳನ್ನು ಆಟೋ ಹತ್ತಿಸಿದರು.

ಡಾಕ್ಟರು ಅವಳನ್ನೊಮ್ಮೆ, ಹಳೆಯ ರಿಪೋರ್ಟನ್ನೊಮ್ಮೆ ನೋಡಿದರು. "ಮೈ ಒಂದು ಹೇಳ್ತಿದೆ, ಕಾಗದ ಇನ್ನೊಂದು ಹೇಳ್ತಿದೆ. ಮತ್ತೆ ಟೆಸ್ಟ್ ಮಾಡಿಸಿ" ಎಂದು ವಿಜಯನಗರದ ಲ್ಯಾಬಿಗೆ ಕಳಿಸಿದರು.

"ಮೆಷಿನ್ನೇ ಸುಳ್ಳು ಬಿಡು" ಎಂದು ಪಟಾಲಮ್ಮ ಲ್ಯಾಬಿನಲ್ಲೂ ಗೊಣಗುತ್ತಿದ್ದರು.

ರಕ್ತ ತೆಗೆಯಲು ಬಂದ ಸ್ಪಂದನ ಕೇಳಿದಳು: "ಥೈರಾಯ್ಡ್ ಮಾತ್ರೆ ಬಿಟ್ಟು ಬೇರೇನಾದ್ರೂ ತಗೋತಿದೀರಾ ಅಕ್ಕಾ? ವಿಟಮಿನ್, ಕೂದಲಿಗೆ, ಉಗುರಿಗೆ?"

ಪಟಾಲಮ್ಮ ಪಕ್ಕದಲ್ಲೇ ಕುಳಿತಿದ್ದರು. ಹೇಳಿದರೆ ಶುಕ್ರವಾರದ ಆ ಮಾತು ಇನ್ನಿಲ್ಲ. ಹೇಳದಿದ್ದರೆ ಈ ಮೈ ಉಳಿಯುವುದಿಲ್ಲ. ಚೇತನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಕೂದಲಿಗೆ... ಬಯೋಟಿನ್ ತಗೋತೀನಿ."

"ಸಿಕ್ತು ನೋಡಿ!" ಎಂದಳು ಸ್ಪಂದನ.

"ಕೂದಲ ಮಾತ್ರೆಗೂ ಥೈರಾಯ್ಡಿಗೂ ಎಲ್ಲಿಂದೆಲ್ಲಿಯ ನಂಟಮ್ಮ?" ಪಟಾಲಮ್ಮ ಒಪ್ಪಲಿಲ್ಲ.

"ಹೇಳ್ತೀನಿ ಆಂಟಿ. ಮೆಷಿನ್ ಒಳಗೆ ಸಣ್ಣ ಸಣ್ಣ ಕಣಗಳಿರ್ತವೆ. ಬಸ್ಸಿನ ಸೀಟು ಅನ್ಕೊಳ್ಳಿ. ರಕ್ತದಲ್ಲಿರೋ ಟಿಎಸ್‌ಎಚ್ ಹೋಗಿ ಅಲ್ಲಿ ಕೂರಬೇಕು. ಅದರ ಕೈಗೆ ನಾವು ಒಂದು ದೀಪ ಕೊಟ್ಟಿರ್ತೀವಿ. ರುಥೇನಿಯಮ್ ಅನ್ನೋ ಲೋಹದಿಂದ ಮಾಡಿದ್ದು. ಕರೆಂಟ್ ಕೊಟ್ಟರೆ ಅದು ಬೆಳಗುತ್ತೆ. ಎಷ್ಟು ಬೆಳಕೋ ಅಷ್ಟು ಟಿಎಸ್‌ಎಚ್."

"ಸರಿ."

"ಬಸ್ಸು ನಿಲ್ಲೋದೇ ತಡ, ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡೀತಾರಲ್ಲ? ಅಕ್ಕ ನುಂಗಿದ ಬಯೋಟಿನ್ ರಕ್ತಕ್ಕೆ ಸೇರಿ ಅದೇ ಕೆಲಸ ಮಾಡುತ್ತೆ. ದೀಪ ಹಿಡಿದವರು ಕೆಳಗೇ ಉಳೀತಾರೆ. ಬೆಳಕು ಕಮ್ಮಿ, ರಿಪೋರ್ಟೂ ಕಮ್ಮಿ."

ಪಟಾಲಮ್ಮನಿಗೆ ನಗು ಬಂತು. "ಥೂ, ಕರ್ಚೀಫ್ ಹಾಕೋ ಬುದ್ಧಿ ಮಾತ್ರೆಗೂ ಬಂತಾ!"

"ಈಗ ವಿಜ್ಞಾನಿಗಳು ಅಂಥ ಸಾವಿರಾರು ದೀಪಗಳನ್ನ ಕಣ್ಣಿಗೆ ಕಾಣದ ಒಂದೇ ನ್ಯಾನೋ ಕಣದೊಳಗೆ ತುಂಬೋದಕ್ಕೆ ನೋಡ್ತಿದಾರೆ. ಬೆಳಕು ಇನ್ನೂ ಜೋರಾಗಿರುತ್ತೆ. ಆದ್ರೆ ಅಕ್ಕಾ, ನೀವು ಹೇಳದೆ ಇಟ್ಕೊಂಡಿದ್ದನ್ನ ಎಷ್ಟು ಬೆಳಕಾದ್ರೂ ತೋರ್ಸಲ್ಲ."

ಆ ದಿನ ಸ್ಪಂದನ ರಕ್ತ ತೆಗೆಯಲಿಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದಳು. ಅವರ ಮಾತಿನಂತೆ ಚೇತನಾ ಕೂದಲ ಮಾತ್ರೆ ನಿಲ್ಲಿಸಿ, ಮೂರು ದಿನ ಬಿಟ್ಟು ರಕ್ತ ಕೊಟ್ಟಳು. ಈ ಸಲ ಟಿಎಸ್‌ಎಚ್ ವಿಪರೀತ ಹೆಚ್ಚಿತ್ತು. ಥೈರಾಯ್ಡ್ ಮಾತ್ರೆ ಮೊದಲಿನ ಅಳತೆಗೆ ಮರಳಿತು.

ಮುಂದಿನ ಶುಕ್ರವಾರ ಚೇತನಾ ಚೌರಿಯಿಲ್ಲದ ಗಿಡ್ಡ ಜಡೆಯಲ್ಲಿ, ತಲೆ ತಗ್ಗಿಸಿ ಮೆಟ್ಟಿಲಿಳಿದಳು. ಪಟಾಲಮ್ಮ ಹೂ ಹಿಡಿದು ನಿಂತಿದ್ದರು.

"ಹುಚ್ಚಿ, ಎರಡು ವರ್ಷದಿಂದ ಮುಡಿಸ್ತಾ ಇದೀನಿ. ಚೌರಿ ಯಾವುದು, ಕೂದಲು ಯಾವುದು ಅಂತ ಈ ಕೈಗೆ ತಿಳಿಯಲ್ವೇನೇ? ತಿರುಗು ಆ ಕಡೆ."

ಚೇತನಾ ತಿರುಗಿ ನಿಂತಳು. ಕಣ್ಣೊರೆಸಿಕೊಂಡಿದ್ದು ಪಟಾಲಮ್ಮನಿಗೆ ಕಾಣಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಅಕ್ಕಿಡಬ್ಬದ ಹಿಂದೆಯೂ ಇಂಥದ್ದೊಂದು ಡಬ್ಬಿ ಇದೆಯೇ? ರಕ್ತ ಕೊಡುವ ಮುನ್ನ ಅದರ ಹೆಸರನ್ನು ಡಾಕ್ಟರಿಗೂ ಲ್ಯಾಬಿನವರಿಗೂ ಹೇಳಿ. ಎಲ್ಲ ಯಂತ್ರಗಳಲ್ಲೂ ಹೀಗಾಗುವುದಿಲ್ಲ, ಆದರೆ ಥೈರಾಯ್ಡಿನದಷ್ಟೇ ಅಲ್ಲ, ಎದೆನೋವಿನ ಕೆಲವು ಪರೀಕ್ಷೆಗಳೂ ಬಯೋಟಿನ್‌ನಿಂದ ದಾರಿ ತಪ್ಪಬಹುದು. ಎದೆನೋವು ಬಂದರೆ ಒಂದು ಕ್ಷಣವೂ ಕಾಯಬೇಡಿ. ಆಸ್ಪತ್ರೆಗೆ ಹೋಗಿ, ಹೋದ ಕೂಡಲೇ ಮಾತ್ರೆಯ ವಿಷಯ ಹೇಳಿ. ಬೇರೆ ರಕ್ತಪರೀಕ್ಷೆಗಳಿಗೆ ಕೂದಲ ಮಾತ್ರೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಡಾಕ್ಟರನ್ನೇ ಕೇಳಿ. ಡಾಕ್ಟರು ಬರೆದ ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ.

ನಿಮ್ಮ ಮಹಡಿಯಲ್ಲಿ ಒಂಟಿಯಾಗಿರುವವರಿದ್ದರೆ, ಒಮ್ಮೆ ಬಾಗಿಲು ತಟ್ಟಿ. ಕೇಳುವವರಿದ್ದರೆ ತಾನೇ ಹೇಳುವುದು?