ಸ್ಮಶಾನದ ದಾರಿಯ ಪೈನ್ ಮರ

ಓಸ್ವಾಲ್ಡನ ಕೊಡಲಿ ಎರಡನೆಯ ಸಲ ಬಿದ್ದಾಗ ಪೈನ್ ಮರದ ತೊಗಟೆ ಅಂಗೈಯಗಲ ಎದ್ದು ಬಂತು. ಲೈನೆ ಗಾಡಿಯಿಂದ ಇಳಿದಳು. ತೊಡೆಯ ಮೇಲಿದ್ದ ಪುಟ್ಟ ಪೆಟ್ಟಿಗೆಯನ್ನು ಕೆಳಗಿಡದೆ ಎದೆಗವಚಿಕೊಂಡೇ ನಿಂತಳು.

ಪೆಟ್ಟಿಗೆಯಲ್ಲಿ ಹೆಣವಿರಲಿಲ್ಲ. ಸೈಬೀರಿಯದ ಒಂದು ಹಿಡಿ ಮಣ್ಣಿತ್ತು. ಹದಿನೈದು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಸೈನಿಕರು ಬಂದು ಅವಳ ಗಂಡ ಎಂಡೆಲನನ್ನು ಲಾರಿ ಹತ್ತಿಸಿದ್ದರು. ಲೈನೆ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಬಂದು ನೋಡಿದರೆ ಮೇಜಿನ ಮೇಲೆ ಅರ್ಧ ತಿಂದ ಕಪ್ಪು ರೊಟ್ಟಿ. ಅವನ ಜೊತೆಗೇ ಕೈದಿಯಾಗಿದ್ದ ಆರ್ವೆಡ್ ಈಗ ಬಿಡುಗಡೆಯಾಗಿ ಬಂದು, ಗೋರಿಯ ಮಣ್ಣು ತಂದುಕೊಟ್ಟಿದ್ದ. ಅದನ್ನು ಊರ ಸ್ಮಶಾನದಲ್ಲಿ ಹೂಳಲು ಹೊರಟ ಗಾಡಿಯ ಲಗಾಮು ಅವನ ಕೈಯಲ್ಲೇ ಇತ್ತು.

"ಅತ್ತಿಗೆ, ಚಳಿ ಇದೆ, ಕೂತಿರಿ. ಶಿಲುಬೆ ಅಂದ್ರೆ ಎರಡು ಗೀಟು, ಅಷ್ಟೇ," ಎಂದ ಮೈದುನ ಓಸ್ವಾಲ್ಡ್.

"ಕೆತ್ತಬೇಡ."

ಓಸ್ವಾಲ್ಡ್ ನಕ್ಕ. "ಅಮ್ಮ ಸತ್ತಾಗ ಇನ್ನೂ ಆಳ, ಇನ್ನೂ ಆಳ ಅಂತ ಬೆನ್ನ ಹಿಂದೆ ನಿಂತು ಹೇಳಿದೋರು ನೀವೇ ಅಲ್ವಾ?"

"ನಿಮ್ಮಮ್ಮ ಬದುಕಿದ್ದಾಗಲೇ ಸಾಕಾಗಿ ಹೋಗಿತ್ತು."

ಆರ್ವೆಡ್ ನಗಲು ಹೋಗಿ ಕೆಮ್ಮಿದ. ಓಸ್ವಾಲ್ಡನ ನಗು ಇಳಿಯಿತು.

"ಹುಡುಗಾಟ ಬೇಡ ಅತ್ತಿಗೆ. ಸತ್ತೋನು ಎದ್ದು ಮನೆ ಕಡೆ ಹೊರಟ್ರೆ ಈ ಗುರುತು ನೋಡಿ ವಾಪಸ್ಸು ಹೋಗ್ಬೇಕು. ಇಲ್ದಿದ್ರೆ ಅಣ್ಣ ಅಲೀತಾನೆ."

ಅವನ ಅಪ್ಪ, ಅಜ್ಜ, ಮುತ್ತಜ್ಜಿ, ಎಲ್ಲರೂ ಗುರುತು ಕಂಡು ಈ ಕಾಡಿನಲ್ಲೇ ನಿಂತುಬಿಟ್ಟವರು. ಹಳೆಯ ಶಿಲುಬೆಗಳ ಸುತ್ತ ತೊಗಟೆ ತುಟಿಯಂತೆ ಮುಚ್ಚಿಕೊಂಡಿತ್ತು. ಲೈನೆ ಅವುಗಳತ್ತ ನೋಡಲಿಲ್ಲ.

"ಆರ್ವೆಡ್, ನಿನ್ನೆ ನಂಗೆ ಹೇಳಿದ್ದನ್ನ ಇವನಿಗೂ ಹೇಳು."

ಆರ್ವೆಡ್ ಟೋಪಿ ತೆಗೆದ. "ದಿನಾ ಮಲಗೋ ಮುಂಚೆ ಮನೆ ದಾರಿ ಹೇಳೋನು. ವೋರು ಸ್ಟೇಷನ್, ಗಿರಣಿ, ಸೇತುವೆ, ಆಮೇಲೆ ಈ ಕಾಡು. ಜೋರಾಗಿ ಹೇಳ್ತಾನೆ ಅಂತ ಪಕ್ಕದೋರು ಬೈತಿದ್ರು. ಕೊನೆಕೊನೆಗೆ ಉಸಿರೇ ಸಾಲ್ತಿರ್ಲಿಲ್ಲ. ಕಾಡು ಬರೋ ಹೊತ್ತಿಗೆ ನಿದ್ದೆ ಹೋಗ್ಬಿಡೋನು. ಆ ಕೊನೇ ಚಳಿಗಾಲದಲ್ಲಿ ಒಂದ್ಸಲಾನೂ ಮನೆ ಮುಟ್ಲಿಲ್ಲ."

ಕುದುರೆ ಕಾಲು ಬದಲಿಸಿತು. ಬಿಳಿ ಗಾಯದಿಂದ ಅಂಟು ಒಸರತೊಡಗಿತ್ತು. ಓಸ್ವಾಲ್ಡ್ ಬೆನ್ನು ತಿರುಗಿಸಿ ಮೂಗು ಒರೆಸಿಕೊಂಡ. ಆಮೇಲೆ ಜೇಬಿನಿಂದ ಉಳಿ ತೆಗೆದು, ಹಿಡಿಯನ್ನು ಅವಳ ಕಡೆ ಮಾಡಿ ಚಾಚಿದ.

"ಹಾಕ್ಲೇ ಇಲ್ಲ ಅಂತ ಊರೋರ ಬಾಯಿಗೆ ಬೀಳೋದು ಬೇಡ. ಮರದ ಹಿಂದುಗಡೆ ಹಾಕೋಣ, ಚಿಕ್ಕದು. ನೀವೇ ಹಾಕಿ ಅತ್ತಿಗೆ. ಮನಸ್ಸು ಹಗುರಾಗುತ್ತೆ."

ಮರಗಳಾಚೆ ಅವಳ ಮನೆಯ ಹೊಗೆ ಕಾಣುತ್ತಿತ್ತು. ಎಂಟುನೂರು ಹೆಜ್ಜೆ, ಹೆಚ್ಚೆಂದರೆ.

"ಹಾಕಲ್ಲ," ಎಂದಳು ಲೈನೆ.