ಮದ್ದಿನ ಸೀಟಿ

ನಾನು ಒಂದು ಹಿತ್ತಾಳೆಯ ಸೀಟಿ. ಹೆಬ್ಬೆರಳಿನಷ್ಟು ಉದ್ದವಿದ್ದೇನೆ. ನನ್ನ ಹೊಟ್ಟೆಯಲ್ಲಿ ಕಡಲೆಕಾಳಿನ ಗಾತ್ರದ ಬೆಂಡಿನ ಗುಂಡು ಒಂದಿದೆ. ನಾನು ಹುಟ್ಟಿದ ಊರಿನ ಹೆಸರು ನನಗೆ ಗೊತ್ತಿಲ್ಲ. ತಗಡಿನ ಮಾಡಿನ ಕೆಳಗೆ ಸಾಲಾಗಿ ಕೂತ ಕೆಲಸಗಾರರು ನನ್ನ ಎರಡು ಹೋಳುಗಳನ್ನು ಬೆಸೆದು, ಅರ ಹಾಕಿ, ಉಜ್ಜಿ ಮುಂದೆ ಮುಂದೆ ದಾಟಿಸಿದರು. ಸಾಲಿನ ಕೊನೆಯಲ್ಲಿದ್ದ ಹೆಂಗಸು ನಮ್ಮನ್ನು ಒಂದೊಂದಾಗಿ ಊದಿ ನೋಡುತ್ತಿದ್ದಳು. ಕೂಗಿದವು ಡಬ್ಬಿಗೆ ಬೀಳುತ್ತಿದ್ದವು, ಕೂಗದವು ಮರಳಿ ಕುಲುಮೆಗೆ. ನಾನು ಕೂಗಿದೆ. ಅವಳು ನನ್ನತ್ತ ನೋಡದೆಯೇ ಮುಂದಿನದಕ್ಕೆ ಕೈ ಚಾಚಿದಳು.

ಕೊಪ್ಪಳ ಸೀಮೆಯ ಒಂದು ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ದುರುಗಪ್ಪ ನನ್ನನ್ನು ತಂದ. ಮುದ್ದನಗುಡ್ಡದ ಕಲ್ಲಿನ ಕ್ವಾರಿಯಲ್ಲಿ ಅವನು ಮದ್ದು ಹಾರಿಸುವವನು. ಬಂಡೆಯ ತೂತುಗಳಿಗೆ ಮದ್ದು ತುಂಬಿ, ಬತ್ತಿಗೆ ಬೆಂಕಿ ಇಡುವ ಮೊದಲು ಅವನು ಎತ್ತರದ ಕಲ್ಲಿನ ಮೇಲೆ ನಿಂತು ನನ್ನನ್ನು ಊದುತ್ತಿದ್ದ. ಒಂದೇ ಉದ್ದನೆಯ ಕೂಗು. ಅದು ಕಿವಿಗೆ ಬಿದ್ದದ್ದೇ ಕಲ್ಲು ಒಡೆಯುವವರು ಸುತ್ತಿಗೆ ಬಿಸಾಡಿ ಓಡಬೇಕು. ಗುಡ್ಡದ ಮೇಲೆ ಹುಲ್ಲು ಕೊಯ್ಯುವ ಹೆಂಗಸರು ಓಡಬೇಕು, ಕುರಿ ಕಾಯುವವರೂ ಓಡಬೇಕು. ದೊಡ್ಡ ಕಲ್ಲಿನ ಮರೆ ಸೇರಿ, ಬೋರಲು ಮಲಗಿ, ತಲೆಯ ಮೇಲೆ ಕೈ ಇಟ್ಟುಕೊಳ್ಳಬೇಕು. ಮದ್ದು ಹಾರಿ ದೂಳು ಇಳಿದ ಮೇಲೆ ದುರುಗಪ್ಪ ಹಸಿರು ಬಟ್ಟೆ ಬೀಸುತ್ತಿದ್ದ. ಜನ ಮರಳಿ ಬರುತ್ತಿದ್ದುದು ಆ ಬಟ್ಟೆಯನ್ನು ನೋಡಿ. ಮರಳಿ ಕರೆಯುವ ಕೆಲಸ ನನ್ನದಾಗಿರಲಿಲ್ಲ.

ಊರೊಳಗೆ ನನ್ನನ್ನು ಊದಬಾರದೆಂಬ ಕಟ್ಟುನಿಟ್ಟಿತ್ತು. ಹೊಸದಾಗಿ ಮದುವೆಯಾಗಿ ಬಂದವರಿಗೂ ಅತ್ತೆಯಂದಿರು ಮೊದಲ ವಾರದಲ್ಲೇ ನನ್ನ ದನಿಯ ಅರ್ಥ ಕಲಿಸಿಬಿಡುತ್ತಿದ್ದರು. ಆಡುಗಳು ಕೂಡ ಕಲಿತಿದ್ದವು. ಮೂವತ್ತು ವರ್ಷ ನಾನು ಹೀಗೆ ಕೂಗಿದೆ. ನನ್ನಿಂದ ಎಷ್ಟು ತಲೆಗಳು ಉಳಿದವೋ ಯಾರಿಗೂ ಲೆಕ್ಕವಿಲ್ಲ. ಆದರೆ ಆ ಮೂವತ್ತು ವರ್ಷದಲ್ಲಿ ನಾನು ಕಂಡದ್ದೆಲ್ಲ ಜನರ ಬೆನ್ನು. ಕೂಗು ಮುಗಿಯುವಷ್ಟರಲ್ಲಿ ಗುಡ್ಡ ಬರಿದಾಗುತ್ತಿತ್ತು. ದುರುಗಪ್ಪ ಮತ್ತು ನಾನು ಇಬ್ಬರೇ ಉಳಿಯುತ್ತಿದ್ದೆವು.

ಕಡೆಗೆ ಆ ಕ್ವಾರಿಯಲ್ಲಿ ನೀರು ಎದ್ದು ಕೆಲಸ ನಿಂತಿತು. ಗುಡ್ಡದ ಆಚೆ ಮಗ್ಗುಲಿಗೆ ಇನ್ನೊಂದು ಕ್ವಾರಿ ಶುರುವಾಯಿತು. ಅಲ್ಲಿ ಮದ್ದು ಹಾರಿಸುವವನಿಗೂ ಕೆಲಸ ಕಲಿಸಿದವನು ದುರುಗಪ್ಪನೇ. ವಾರಕ್ಕೆ ಎರಡು ಸಲ, ಹೊತ್ತು ಇಳಿಯುವ ಮುಂಚೆ, ಆ ಕಡೆಯಿಂದ ನನ್ನಂಥದ್ದೇ ಒಂದು ಸೀಟಿ ಕೂಗುತ್ತಿತ್ತು. ದುರುಗಪ್ಪನಿಗೆ ಅದು ಕೇಳಿಸುತ್ತಿರಲಿಲ್ಲ. ಮದ್ದಿನ ಸದ್ದು ಅವನ ಎರಡೂ ಕಿವಿಗಳನ್ನು ಕೊಂಡೊಯ್ದಿತ್ತು. ನಾನು ಗೂಟಕ್ಕೆ ನೇತುಬಿದ್ದೆ.

ದುರುಗಪ್ಪನ ಒಬ್ಬಳೇ ಮಗಳು ಹುಲಿಗೆಮ್ಮ. ಇಪ್ಪತ್ಮೂರರ ಹುಡುಗಿ. ತಾಲೂಕು ಪೇಟೆಯ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ಬಸ್ಸು ಊರಿಗೆ ಬರುತ್ತಿರಲಿಲ್ಲ, ಕ್ರಾಸಿನಲ್ಲೇ ನಿಲ್ಲುತ್ತಿತ್ತು. ಕ್ರಾಸಿನಿಂದ ಊರಿಗೆ ಹಳೆಯ ಕ್ವಾರಿಯ ನಡುವೆ ಅರ್ಧ ತಾಸಿನ ದಾರಿ. ಒಂದು ಕಡೆ ನೀರು ನಿಂತ ಆಳದ ಗುಂಡಿ, ಇನ್ನೊಂದು ಕಡೆ ಆಳೆತ್ತರದ ಕಲ್ಲಿನ ರಾಶಿ. ಬೆಳಗ್ಗೆ ಜೊತೆಗೆ ಶಾಲೆಯ ಹುಡುಗಿಯರಿರುತ್ತಿದ್ದರು. ಸಂಜೆ ಐದೂವರೆಗೆ ಇಳಿಯುವವಳು ಅವಳೊಬ್ಬಳೇ.

ಒಮ್ಮೆ ದವಾಖಾನೆಗೆ ಮಹಿಳಾ ಪೊಲೀಸ್ ಒಬ್ಬರು ಬಂದು ತಿಳಿವಳಿಕೆ ಹೇಳಿದರಂತೆ. "ಒಂಟಿಯಾಗಿ ಓಡಾಡುವವರು ಒಂದು ಸೀಟಿ ಇಟ್ಟುಕೊಳ್ಳಿ. ಜೋರಾಗಿ ಊದಿ, ಜನ ಬರುತ್ತಾರೆ." ಹುಲಿಗೆಮ್ಮ ಮನೆಯಲ್ಲಿ ಈ ಮಾತನ್ನು ಕೈಸನ್ನೆ ಬೆರೆಸಿ ಅಪ್ಪನಿಗೆ ತಿಳಿಸಿದ ದಿನವೇ ಅವನು ನನ್ನನ್ನು ಗೂಟದಿಂದ ಇಳಿಸಿದ. ಹುಣಸೆಹಣ್ಣು ಹಚ್ಚಿ ತಿಕ್ಕಿದ. ಹೊಸ ದಾರ ಪೋಣಿಸಿದ.

"ತಗೋ ಹುಲಿಗೀ, ಕೊಳ್ಳಾಗ ಹಾಕ್ಕೋ. ಯಾವನರ ಅಡ್ಡ ಬಂದ್ರ ಊದಿಬಿಡು. ಮಂದಿ ಓಡಿ ಬರ್ತಾರ."

ತಾಯಿ ಈರಮ್ಮ ಒಲೆಯ ಮುಂದಿನಿಂದಲೇ ನಕ್ಕಳು. "ಸೀಟಿ ಹಾಕ್ಕೊಂಡು ಹೋಗಾಕ ಇಕಿ ಏನ್ ಬಸ್ಸಿನ ಕಂಡಕ್ಟರ್ ಏನು?" ಆಮೇಲೆ ನಗು ಬಿಟ್ಟು ಹೇಳಿದಳು: "ಅಷ್ಟು ಅಂಜಿಕಿ ಇದ್ರ ಆ ನೌಕರಿನ ಬ್ಯಾಡ. ಒಂದು ಮಾತು ಹಿಂದ-ಮುಂದ ಕಿವಿಗೆ ಬಿತ್ತಂದ್ರ ಮರುದಿನಾನ ಬಿಡಸ್ತೀನಿ ನೋಡು. ಮಸ್ಕಿ ಕಡೆ ಗಂಡು ಐತಿ, ಹೂಂ ಅಂದು ಕಳಿಸ್ತೀನಿ."

ಹುಲಿಗೆಮ್ಮ ನನ್ನನ್ನು ಕೊರಳಿಗೆ ಹಾಕಿಕೊಂಡಳು. ಓಡಿಸಲು ಬಳಸಿದ್ದನ್ನೇ ಕರೆಯಲು ಕೊಡುತ್ತಿದ್ದೇನೆಂದು ದುರುಗಪ್ಪನಿಗೆ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. ನನಗೆ ಗೊತ್ತಿತ್ತು, ಆದರೆ ಯಾರಾದರೂ ಉಸಿರು ಕೊಡದೆ ನನಗೆ ಮಾತಿಲ್ಲ.

ಅವಳ ಎದೆಯ ಮೇಲೆ, ಕುಪ್ಪಸದ ಒಳಗೆ ನಾನಿದ್ದೆ. ಇಡೀ ದಿನ ಅವಳ ಎದೆ ಒಂದೇ ಹದದಲ್ಲಿ ಬಡಿಯುತ್ತಿತ್ತು. ಕ್ರಾಸಿನಲ್ಲಿ ಬಸ್ಸು ಅವಳನ್ನು ಇಳಿಸಿ ಹೊರಟ ಕೂಡಲೇ ಬಡಿತ ಬದಲಾಗುತ್ತಿತ್ತು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯ ಬೆರಳು ದಾರದ ಮೇಲೆ.

ಮಾಗಿಯ ಶುರುವಿನಲ್ಲಿ ಒಬ್ಬ ಬಂದು ಕಲ್ಲಿನ ರಾಶಿಯ ಬಳಿ ಬೈಕು ನಿಲ್ಲಿಸಿ ಕೂರತೊಡಗಿದ. ಹೊಸ ಕ್ವಾರಿಯಲ್ಲಿ ಡ್ರಿಲ್ಲಿಂಗ್ ಮಾಡುವವನು. ಅಂಗಿಯ ತೋಳಿನಲ್ಲಿ ಇನ್ನೂ ಕಲ್ಲಿನ ಬಿಳಿ ದೂಳು ಇರುತ್ತಿತ್ತು. ಮೊದಲ ವಾರ ಬರೀ ನೋಡಿದ. ಎರಡನೆಯ ವಾರ ಹಾಡು ಗುನುಗಿದ. ಆಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ನಡೆದು ಬರತೊಡಗಿದ. ಹುಲಿಗೆಮ್ಮ ತಿರುಗಿ ನೋಡಲಿಲ್ಲ. ಫೋನು ಕಿವಿಗಿಟ್ಟು ಗಟ್ಟಿಯಾಗಿ ಮಾತಾಡುತ್ತಿದ್ದಳು.

"ಹಾಂ ಅಣ್ಣಾ, ಕೆರಿ ತನಕ ಬಂದೇನು? ನಾ ಇಲ್ಲೇ ಅದೀನಿ. ಎರಡ ನಿಮಿಷ."

ಅವಳಿಗೆ ಅಣ್ಣನಿಲ್ಲ. ಆ ಫೋನಿನಲ್ಲಿ ಯಾರೂ ಇರುತ್ತಿರಲಿಲ್ಲ. ಮನೆ ಮುಟ್ಟಿದ ಮೇಲೆ ಈರಮ್ಮ "ಯಾಕ, ಮಾರಿ ಸಪ್ಪಗ ಐತಿ?" ಎಂದು ಕೇಳಿದರೆ "ಬಸ್ಸಿನಾಗ ನಿಂತು ಬಂದ್ನಿ" ಎನ್ನುತ್ತಿದ್ದಳು. ಹೇಳಿದರೆ ದಾರಿಯ ಜೊತೆಗೆ ಕೆಲಸವೂ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ತನ್ನ ಕ್ವಾರಿಯಲ್ಲೇ ಇರುತ್ತಾನೆ, ತಾನು ಮದುವೆಯಾಗಿ ಮಸ್ಕಿಯಲ್ಲಿರಬೇಕಾಗುತ್ತದೆ. ರಾತ್ರಿ ಹಾಸಿಗೆಯಲ್ಲಿ ನನ್ನನ್ನು ಮುಷ್ಟಿಯಲ್ಲಿ ಹಿಡಿದು ಮಲಗುತ್ತಿದ್ದಳು. ಆ ಮುಷ್ಟಿ ಬಹಳ ಹೊತ್ತು ಸಡಿಲವಾಗುತ್ತಿರಲಿಲ್ಲ.

ಒಂದು ಗುರುವಾರ ಅವನು ಹಿಂದೆ ಬರಲಿಲ್ಲ. ಮುಂದೆ ಬಂದು ನಿಂತಿದ್ದ. ದಾರಿ ಅಲ್ಲಿ ಗುಂಡಿಗೂ ರಾಶಿಗೂ ನಡುವೆ ತೀರ ಕಿರಿದಾಗುತ್ತದೆ.

"ಇವತ್ತ ಅಣ್ಣ ಬರಲಿಲ್ಲೇನು?" ಎಂದ.

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಇಲ್ಲಿ ಟವರ್ ಸಿಗಂಗಿಲ್ಲ. ನನ್ನ ಫೋನಿಗೂ ಸಿಗಂಗಿಲ್ಲ. ತಿಂಗಳಾತು ನಾನೂ ಕೇಳಾಕತ್ತೀನಿ ನಿನ್ನ ಅಣ್ಣನ ಮಾತು." ನಗುತ್ತಾ ಅವಳ ಚೀಲದ ಪಟ್ಟಿ ಹಿಡಿದ. ಪಟ್ಟಿಯನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡು ಎಳೆದ.

ಅವಳು ನನ್ನನ್ನು ಊದಿದಳು.

ಎಷ್ಟೋ ದಿನ ಒಳಗೆ ಹಿಡಿದಿಟ್ಟ ಉಸಿರು ಅದು. ದುರುಗಪ್ಪನೂ ನನ್ನನ್ನು ಅಷ್ಟು ಜೋರಾಗಿ ಊದಿರಲಿಲ್ಲ. ನನ್ನ ಕೂಗು ಗುಂಡಿಯ ಗೋಡೆಗೆ ಬಡಿದು, ಮೇಲೆದ್ದು, ಗುಡ್ಡದ ತುದಿ ಮುಟ್ಟಿತು. ಅಲ್ಲಿ ಮೂವರು ಹೆಂಗಸರು ಹುಲ್ಲು ಕೊಯ್ಯುತ್ತಿದ್ದರು. ಮೂವರೂ ತಲೆ ಎತ್ತಿದರು. ಹುಲಿಗೆಮ್ಮ ಅವರನ್ನು ನೋಡಿದಳು. ಅವರೂ ಅವಳನ್ನು ನೋಡಿದರು. ಕುಡುಗೋಲು ಬಿಸಾಡಿ, ಸೆರಗು ಹಿಡಿದು, ಬಂಡೆಗಳ ಮರೆಗೆ ಓಡಿದರು. ಇಳಿಜಾರಿನಲ್ಲಿದ್ದ ಕುರಿಗಾಹಿ ಕುರಿಗಳನ್ನು ಅಟ್ಟಿಕೊಂಡು ಕಾಣೆಯಾದ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಗುಡ್ಡದ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಆಗ ಪಟ್ಟಿ ಸಡಿಲವಾಯಿತು. ಅವನೂ ಈ ಸೀಮೆಯವನೇ, ಹನ್ನೆರಡರ ವಯಸ್ಸಿನಿಂದ ಕಲ್ಲಿನ ಕೆಲಸದಲ್ಲಿ ಬೆಳೆದವನು. ಅವನ ಮನಸ್ಸು ಏನೆಂದು ಕೇಳಿಕೊಳ್ಳುವ ಮೊದಲೇ ಅವನ ಮೈ ನನ್ನ ಮಾತು ಕೇಳಿತ್ತು. ಕೈ ಬಿಟ್ಟು, ದೊಡ್ಡ ಕಲ್ಲಿನ ಹಿಂದೆ ಬೋರಲು ಬಿದ್ದು, ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಿದ್ದ. ಹುಲಿಗೆಮ್ಮ ಒಂದು ಗಳಿಗೆ ಅವನ ಬೆನ್ನು ನೋಡುತ್ತಾ ನಿಂತಳು. ಆಮೇಲೆ ಕಲ್ಲು ಹತ್ತಿ ಗುಡ್ಡದ ತುದಿಯತ್ತ ಓಡಿದಳು.

"ಬಗ್ಗಲೇ ಹುಚ್ಚಿ! ತಲಿ ಮ್ಯಾಲ ಕಲ್ಲು ಬೀಳ್ತಾವು!" ಬಂಡೆಯ ಮರೆಯಿಂದ ಒಂದು ಕೈ ಅವಳ ಸೀರೆ ಹಿಡಿದು ಕೆಳಗೆಳೆಯಿತು. ಮೂವರಲ್ಲಿ ಹಿರಿಯಳಾದ ಪಾರವ್ವ. ಅವಳು ಹುಲ್ಲಿನ ಹೊರೆಯನ್ನು ಹುಲಿಗೆಮ್ಮನ ತಲೆಯ ಮೇಲೆ ಹೇರಿ ತಾನೂ ಮೇಲೆ ಒರಗಿಕೊಂಡಳು.

ನಾಲ್ವರೂ ಮದ್ದು ಹಾರುವುದನ್ನು ಕಾಯುತ್ತಾ ಮಲಗಿದ್ದರು. ಹಾರಲಿಲ್ಲ.

"ಹುಸಿ ಹೋತೇನು?" ಎಂದಳು ಅತ್ತ ಮಲಗಿದ್ದ ಸಂಕಮ್ಮ.

"ಹುಸಿ ಮದ್ದು ಭಾಳ ಕೆಟ್ಟದ್ದು, ತಡಾ ಮಾಡಿ ಹಾರತೈತಿ. ಯಾರೂ ಏಳಬ್ಯಾಡ್ರಿ" ಎಂದಳು ಪಾರವ್ವ.

"ಎಮ್ಮಿ ಹಿಂಡೂ ಹೊತ್ತಾತು, ಅತ್ತಿ."

"ನಿನ್ನ ತಲಿ ಹೋದ್ರ ಎಮ್ಮಿ ಯಾರು ಹಿಂಡ್ತಾರ? ಮಲಕ್ಕೋ ಸುಮ್ನ."

ಹುಲ್ಲಿನ ಕೆಳಗೆ ಹುಲಿಗೆಮ್ಮನ ಎದೆ ನನ್ನ ಮೇಲೆ ಬಡಿಯುತ್ತಿತ್ತು. ಸುಮ್ಮನಿದ್ದರೆ ಕತ್ತಲಾಗುವವರೆಗೂ ಇವರು ಹೀಗೆಯೇ ಮಲಗಿರುತ್ತಾರೆ. ಮಾತಾಡಿದರೆ ಮಾತು ಇವರ ಬಾಯಿಂದ ಊರಿಗೆ, ಊರಿಂದ ಅವಳ ಮನೆಯ ಒಲೆಯ ಮುಂದೆ ಬರುತ್ತದೆ. ಅವಳು ನನ್ನನ್ನು ಹಿಡಿದಿದ್ದ ಮುಷ್ಟಿ ಬಿಚ್ಚಿದಳು.

"ಮದ್ದಿಲ್ಲ, ಪಾರವ್ವತ್ತಿ. ನಾನ ಊದೀನಿ."

ಪಾರವ್ವ ನನ್ನನ್ನು ನೋಡಿದಳು. ಬಂಡೆಯ ಅಂಚಿನಿಂದ ಕೆಳಗೆ ಇಣುಕಿದಳು. ಕೆಳಗೆ ಅವನು ಎದ್ದು, ಅಂಗಿ ಕೊಡವಿಕೊಂಡು, ಸುತ್ತ ನೋಡುತ್ತಿದ್ದ. ಅವಳಿಗೆ ಇನ್ನೇನೂ ಕೇಳಬೇಕಾಗಲಿಲ್ಲ. ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟು ಕೂಗಿದಳು: "ಏ, ಯಾರ ಮಗನಲೇ ನೀನು? ಅಲ್ಲೇ ನಿಂದ್ರು, ಮಾರಿ ನೋಡೂನು!" ಉಳಿದಿಬ್ಬರೂ ಎದ್ದು ಅವಳ ಪಕ್ಕದಲ್ಲಿ ನಿಂತರು. ಬೈಕಿನ ಸದ್ದು ಕ್ರಾಸಿನ ಕಡೆ ಹೋಯಿತು.

ಸಂಕಮ್ಮ ಹುಲಿಗೆಮ್ಮನ ಮುಖ ನೋಡಲಾರದೆ ಹುಲ್ಲಿನ ಕಡ್ಡಿ ಮುರಿಯುತ್ತಾ ಹೇಳಿದಳು: "ನಾ ನಿನ್ನ ನೋಡಿದ್ನೆವ್ವ. ನೋಡಿನೂ ಓಡಿದ್ನಿ."

"ಮನ್ಯಾಗ ಗೊತ್ತೈತೇನು?" ಪಾರವ್ವ ಕೇಳಿದಳು.

"ಇಲ್ಲ."

"ಗೊತ್ತಾದ್ರ?"

"ನೌಕರಿ ಬಿಡಸ್ತಾರ."

ಪಾರವ್ವ ಕುಡುಗೋಲು ಹುಡುಕಿ ತಂದು, ಹೊರೆ ಕಟ್ಟಿ, ತಲೆಯ ಮೇಲೆ ಇಟ್ಟುಕೊಂಡ ಮೇಲೆ ಉಳಿದಿಬ್ಬರಿಗೆ ಹೇಳಿದಳು: "ಯಾರೋ ಉಡಾಳ ಹುಡುಗರು ಚ್ಯಾಷ್ಟಿಗೆ ಸೀಟಿ ಊದಿದ್ರು. ಗೊತ್ತಾತಿಲ್ಲೋ?" ಅವರು ತಲೆ ಆಡಿಸಿದರು.

ಆ ಸಂಜೆ ಊರೆಲ್ಲ ಅದೇ ಮಾತು. ದುರುಗಪ್ಪನಿಗೆ ಯಾರೋ ಕಿವಿಯಲ್ಲಿ ಕಿರುಚಿ ತಿಳಿಸಿದರು. ಅವನು ಕೆಂಡವಾದ. "ಮದ್ದಿನ ಸೀಟಿ ಆಟಕ್ಕ ಊದೂದಲ್ಲ! ನಾಳಿ ಖರೇನ ಊದಿದಾಗ ಯಾರು ಓಡ್ತಾರ?" ಹುಲಿಗೆಮ್ಮ ಅವನ ತಾಟಿಗೆ ರೊಟ್ಟಿ ಹಾಕಿದಳು. ಅವನು ಅವಳ ಕೊರಳಿನ ದಾರ ಮುಟ್ಟಿ, ದನಿ ಇಳಿಸಿ ಕೇಳಿದ: "ನಿನಗ ಊದೂ ಪ್ರಸಂಗ ಬಂದಿಲ್ಲಲ್ಲವ್ವ?"

ಅವಳು ಇಲ್ಲವೆಂದು ತಲೆ ಆಡಿಸಿದಳು.

"ಚೊಲೋ ಆತು" ಎಂದು ಅವನು ರೊಟ್ಟಿ ಮುರಿದ. ಸಾಯುವವರೆಗೂ ಅವನು ಈ ಪ್ರಶ್ನೆಯನ್ನು ಆಗಾಗ ಕೇಳುತ್ತಿದ್ದ, ಅವಳು ಹಾಗೆಯೇ ತಲೆ ಆಡಿಸುತ್ತಿದ್ದಳು.

ಮರುದಿನ ಸಂಜೆ ಬಸ್ಸಿಳಿದು ಬರುವಾಗ ಪಾರವ್ವ ದಾರಿಯ ಪಕ್ಕದಲ್ಲೇ ಕುಡುಗೋಲು ಹಿಡಿದು ಕೂತಿದ್ದಳು. ಅತ್ತ ಸಂಕಮ್ಮ. "ಇಲ್ಲಿ ಹುಲ್ಲು ಚೊಲೋ ಐತಿ" ಎಂದಳು ಪಾರವ್ವ. ಸುತ್ತ ಬರೀ ಕಲ್ಲಿನ ಚೂರು. ಹುಲಿಗೆಮ್ಮ ಅವಳತ್ತ ನೋಡಿ ಮುಂದೆ ನಡೆದಳು. ನನ್ನ ದಾರದ ಮೇಲೆ ಆ ದಿನ ಬೆರಳು ಇರಲಿಲ್ಲ.

ಬೇಸಗೆ ಬಂತು. ಗುಡ್ಡದ ಮೇಲೂ ಹುಲ್ಲು ಒಣಗಿತು. ಸಂಕಮ್ಮ ಗಂಡನ ಜೊತೆ ಕಬ್ಬು ಕಡಿಯಲು ಹೋದಳು, ಪಾರವ್ವ ಮಗಳ ಬಾಣಂತನಕ್ಕೆ. ಹುಲಿಗೆಮ್ಮ ಮತ್ತೆ ಒಬ್ಬಳೇ ನಡೆದಳು. ಆ ಮನುಷ್ಯ ಮತ್ತೆ ಬರಲಿಲ್ಲ. ಬೇರೆ ಕ್ವಾರಿಗೆ ಹೋದನೆಂದು ಕೇಳಿದೆವು. ಆದರೂ ಆ ಕಿರಿದಾದ ಜಾಗದಲ್ಲಿ ಅವಳ ಎದೆ ಪ್ರತಿದಿನ ಒಮ್ಮೆ ತಪ್ಪುತ್ತಿತ್ತು. ಊರೊಳಗೆ ಬಸ್ಸು ಬರುವವರೆಗೆ, ನಾಲ್ಕು ವರ್ಷ.

ಈಗ ನಾನು ದವಾಖಾನೆಯ ಲ್ಯಾಬಿನ ಮೇಜಿನ ಖಾನೆಯಲ್ಲಿದ್ದೇನೆ. ಬೆಂಡಿನ ಗುಂಡು ಒಣಗಿ ಸವೆದಿದೆ. ಜೊತೆಗೆ ಮುರಿದ ಥರ್ಮಾಮೀಟರು, ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಗಳು. ಹುಲಿಗೆಮ್ಮನ ಕೂದಲು ಕಿವಿಯ ಮೇಲೆ ಬೆಳ್ಳಗಾಗಿದೆ. ಅವಳು ನನ್ನನ್ನು ಹೊರತೆಗೆಯುವುದಿಲ್ಲ, ಬಿಸಾಡುವುದೂ ಇಲ್ಲ.

ಮೊನ್ನೆ, ಹೊಸದಾಗಿ ಸೇರಿದ ಮೆಹರೂನ ಪೆನ್ನು ಹುಡುಕುತ್ತಾ ಖಾನೆ ಎಳೆದಳು. ನನ್ನನ್ನು ಎತ್ತಿ ಬೆಳಕಿಗೆ ಹಿಡಿದಳು. ಅವಳ ಮನೆ ರೈಲ್ವೆ ಗೇಟಿನಾಚೆ, ಹಾಳು ಬಿದ್ದ ಗೋದಾಮುಗಳ ಸಾಲು ದಾಟಿ ಹೋಗಬೇಕು.

"ಅಕ್ಕಾ, ಇದನ್ನ ನಾ ಇಟಗೊಳ್ಳೇನ್ರಿ? ಊದಿದ್ರ ಮಂದಿ ಬರ್ತಾರಲ್ರಿ?"

ಹುಲಿಗೆಮ್ಮ ಕೈಗವಸು ಬಿಚ್ಚುತ್ತಿದ್ದವಳು ನಿಂತಳು. "ಆ ದಾರ್ಯಾಗ ಯಾರ್‍ಯಾರ ಮನಿ ಅದಾವು?"

"ಗೊತ್ತಿಲ್ರಿ. ಗೇಟಿನ ಹತ್ರ ಒಬ್ಬಾಕಿ ಚಾದಂಗಡಿ ಇಟ್ಟಾಳ."

"ಆಕಿ ಹೆಸರೇನು?"

ಅದನ್ನೂ ಮೆಹರೂನ ಕೇಳಿರಲಿಲ್ಲ. ಹುಲಿಗೆಮ್ಮ ಅವಳ ಕೈಯಿಂದ ನನ್ನನ್ನು ತೆಗೆದು ಮತ್ತೆ ಖಾನೆಯಲ್ಲಿ ಇಟ್ಟಳು. ಗೋಡೆಯ ಗಡಿಯಾರ ನೋಡಿ ಚೀಲ ಹೆಗಲಿಗೇರಿಸಿದಳು.

"ನಡಿ. ಇವತ್ತ ನಾನೂ ಬರ್ತೀನಿ. ಮೊದಲ ಆಕಿ ಅಂಗಡ್ಯಾಗ ಕೂತು ಚಾ ಕುಡಿಯೂನು."

ಖಾನೆ ಮುಚ್ಚಿತು. ಇಬ್ಬರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ದೂರವಾಯಿತು. ನಾನು ಕತ್ತಲಲ್ಲಿ ಒಂಟಿಯಾಗಿದ್ದೇನೆ, ನನ್ನ ಅಗತ್ಯ ಆ ದಾರಿಯಲ್ಲಿ ಯಾರಿಗೂ ಬೀಳದಿರಲಿ ಎಂದುಕೊಳ್ಳುತ್ತಾ.